ನಾಯಿಯ ಖಿನ್ನತೆ: ಕುರುಹು ಮತ್ತು ಮದ್ದಿನ ಚರಿತ್ರೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಚಿರಪರಿಚಿತ. ಶಕ 872ಕ್ಕೆ, ಎಂದರೆ ಕ್ರಿ.ಶ. 949-50ಕ್ಕೆ ಸೇರಿದ ಈ ಕಲ್ಲು, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಗೆದ್ದುದನ್ನು ಹೇಳುತ್ತದೆ. ಆ ಕಾಳಗದಲ್ಲಿ ಮೆರೆದ ಮಣಲೆರನಿಗೆ, ಮೆಚ್ಚಿದುದನ್ನು ಬೇಡೆಂದು ಬೂತುಗ ನುಡಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕೆಳಲೆನಾಡಿನಲ್ಲಿ ಕಾಳಿ ಒಂದು ದೊಡ್ಡ ಹಂದಿಯೊಡನೆ ಕಾದಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಕಾಳಿಗಾಗಿ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲಿಗೆ ಪೂಜೆ ಸಲ್ಲಬೇಕೆಂಬ ಕಟ್ಟಳೆಯಾಯಿತು.

ಮನುಷ್ಯನು ನಾಯಿಗಾಗಿ ಪಟ್ಟ ದುಃಖಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ. ಆದರೆ ಸತ್ತವನು ಮಣಲೆರನಾಗಿ, ಉಳಿದದ್ದು ಕಾಳಿಯಾಗಿದ್ದರೆ? ಅದರ ದುಃಖವನ್ನು ಯಾರು, ಯಾವ ಕುರುಹಿನಿಂದ ಓದುತ್ತಿದ್ದರು? ನಾಯಿಗೆ ಶಾಸನ ಬರೆಸುವ ಶಕ್ತಿಯಿಲ್ಲ. ತನಗೆ ಏನಾಗಿದೆಯೆಂದು ಹೇಳುವ ಮಾತೂ ಇಲ್ಲ. ಆದ್ದರಿಂದ ನಾಯಿಯ ಖಿನ್ನತೆಯ ಚರಿತ್ರೆಯೆಂದರೆ ನಾಯಿಗಳ ಚರಿತ್ರೆ ಎನ್ನುವುದಕ್ಕಿಂತ ಅವುಗಳನ್ನು ಓದಲೆತ್ನಿಸಿದ ಮನುಷ್ಯರ ಚರಿತ್ರೆ. ಈ ಓದಿನಲ್ಲಿ ಎರಡು ಸಂಗತಿಗಳು ಎದ್ದು ಕಾಣುತ್ತವೆ. ನಾಯಿಯ ಖಿನ್ನತೆಯ ಮುಖ್ಯ ಕುರುಹು ಅದರ ಕೂಗಿನಲ್ಲಿಲ್ಲ, ಮೌನದಲ್ಲಿದೆ ಎಂಬುದು ಮೊದಲನೆಯದು. ಈ ಅರಿವಿನ ದೊಡ್ಡ ಪಾಲು ನಾಯಿಗಳನ್ನು ಬೇಕೆಂದೇ ಆ ಸ್ಥಿತಿಗೆ ತಳ್ಳಿದ ಪ್ರಯೋಗಶಾಲೆಗಳಿಂದ ಬಂದಿತೆಂಬುದು ಎರಡನೆಯದು.

ನಾಯಿಗೆ ಮನಸ್ಸುಂಟೆಂಬುದು ಹಳೆಯ ಕಾಲದ ಜನಕ್ಕೆ ಸಾಧಿಸಿ ತೋರಿಸಬೇಕಾದ ವಿಷಯವಾಗಿರಲಿಲ್ಲ. ಹೋಮರನ ಒಡಿಸ್ಸಿಯಲ್ಲಿ ಇಪ್ಪತ್ತು ವರ್ಷಗಳ ಮೇಲೆ ವೇಷ ಮರೆಸಿಕೊಂಡು ಮನೆಗೆ ಬಂದ ಒಡೆಯನನ್ನು ಗುರುತಿಸುವ ಆರ್ಗೋಸ್, ಗೊಬ್ಬರದ ರಾಶಿಯ ಮೇಲೆ ಉಣ್ಣೆ ಹತ್ತಿ ಬಿದ್ದುಕೊಂಡಿರುವ ಮುದಿನಾಯಿ. ಅದು ಬಾಲವಾಡಿಸುತ್ತದೆ, ಕಿವಿ ತಗ್ಗಿಸುತ್ತದೆ, ಆದರೆ ಎದ್ದು ಬರಲಾರದು. ಭಾರತದ ಜೈನ ತತ್ತ್ವಶಾಸ್ತ್ರವು ಈ ವಿಷಯವನ್ನು ಕಾವ್ಯಕ್ಕೆ ಬಿಡದೆ ವರ್ಗೀಕರಣಕ್ಕೇ ತಂದಿತು. ಅದರ ಪ್ರಕಾರ ನಾಯಿಯು ಸಂಜ್ಞಿ ಪಂಚೇಂದ್ರಿಯ ಜೀವಿ, ಎಂದರೆ ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳದ್ದು. ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಬಗೆಗಳನ್ನು ಹೇಳುವಲ್ಲಿ, ಇಷ್ಟವಾದುದರ ಅಗಲಿಕೆಯಿಂದ ಹುಟ್ಟಿ ಅದರಲ್ಲೇ ಸುತ್ತುವ ಚಿತ್ತವನ್ನು ಒಂದು ಬಗೆಯಾಗಿ ಎಣಿಸುತ್ತದೆ. ಭಾಸ್ಕರ ಕವಿ 1424ರಲ್ಲಿ ಕನ್ನಡಕ್ಕೆ ತಂದ ಜೀವಂಧರನ ಕಥೆಯಲ್ಲಿ, ಪೆಟ್ಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ನಾಯಕನು ಪಂಚನಮಸ್ಕಾರವನ್ನು ಉಸುರುತ್ತಾನೆ. ಕೇಳಿದ ನಾಯಿ ಯಕ್ಷನಾಗಿ ಹುಟ್ಟುತ್ತದೆ. ಕೇಳಿ ಶಾಂತವಾಗಬಲ್ಲ ಚಿತ್ತವೊಂದು ನಾಯಿಗೆ ಇದೆಯೆಂದು ಒಪ್ಪದೆ ಈ ಕಥೆ ನಿಲ್ಲುವುದೇ ಇಲ್ಲ.

ಯುರೋಪಿನಲ್ಲಿ ದಾರಿ ಬೇರೆಯಾಯಿತು. ಹದಿನೇಳನೆಯ ಶತಮಾನದಲ್ಲಿ ದೇಕಾರ್ತ್ ಪ್ರಾಣಿಯ ದೇಹವನ್ನು ಯಂತ್ರವೆಂದು ವಿವರಿಸಿದ. ಅವನ ಅನುಯಾಯಿಗಳಲ್ಲಿ ಕೆಲವರಿಗೆ ನಾಯಿಯ ಕೂಗು ಗಡಿಯಾರದ ಸದ್ದಿಗಿಂತ ಹೆಚ್ಚಿನದೆನಿಸಲಿಲ್ಲ. ಈ ನಿಲುವಿಗೆ ದೊಡ್ಡ ಪೆಟ್ಟು ಬಿದ್ದದ್ದು ಚಾರ್ಲ್ಸ್ ಡಾರ್ವಿನ್ನನಿಂದ. 1872ರಲ್ಲಿ ಪ್ರಕಟವಾದ, ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತ ಗ್ರಂಥದಲ್ಲಿ ಅವನು ತನ್ನ ಮನೆಯ ನಾಯಿಯೊಂದನ್ನು ವಿವರಿಸುತ್ತಾನೆ. ಡಾರ್ವಿನ್ ಮನೆಯಿಂದ ಹೊರಟರೆ ನಾಯಿ ತಲೆಯೆತ್ತಿ, ಬಾಲವನ್ನು ನಿಮಿರಿಸಿ ಮುಂದೆ ನಡೆಯುತ್ತಿತ್ತು. ದಾರಿಯಲ್ಲಿ ಒಂದು ಕವಲು ಅವನ ಗಿಡಗಳಿದ್ದ ಗಾಜಿನ ಮನೆಗೆ ಹೋಗುತ್ತಿತ್ತು. ಅವನು ಆ ಕವಲಿಗೆ ತಿರುಗಿದನೆಂದರೆ ಅಂದಿನ ತಿರುಗಾಟ ಮುಂದುವರಿಯುವುದೋ ಇಲ್ಲವೋ ನಾಯಿಗೆ ತಿಳಿಯುತ್ತಿರಲಿಲ್ಲ. ಆ ತಿರುವನ್ನು ಕಂಡ ಕ್ಷಣದಲ್ಲೇ ನಾಯಿಯ ತಲೆ ಬಾಗುತ್ತಿತ್ತು, ಮೈ ಕುಗ್ಗುತ್ತಿತ್ತು, ಕಿವಿಯೂ ಬಾಲವೂ ಇಳಿಬೀಳುತ್ತಿದ್ದವು, ಕಣ್ಣಿನ ಹೊಳಪು ಮಂಕಾಗುತ್ತಿತ್ತು. ಮನೆಯವರೆಲ್ಲ ಈ ಮುಖಕ್ಕೆ ಗಾಜಿನ ಮನೆಯ ಮುಖವೆಂದೇ ಹೆಸರಿಟ್ಟಿದ್ದರು.

ಇದು ಕ್ಷಣಿಕ ನಿರಾಶೆಯ ಚಿತ್ರ; ಕಾಯಿಲೆಯದಲ್ಲ. ಆದರೂ ಚರಿತ್ರೆಯಲ್ಲಿ ಇದರ ಸ್ಥಾನ ದೊಡ್ಡದು. ನಾಯಿಯ ಭಾವವನ್ನು ನೋಡುವವನ ಮರುಕದಿಂದ ಅಳೆಯದೆ ಕಿವಿ, ಕಣ್ಣು, ಬಾಲ, ಬೆನ್ನುಗಳ ನಿಲುವಿನಿಂದ ಓದುವ ಕ್ರಮವೊಂದು ಇಲ್ಲಿ ಶಾಸ್ತ್ರದೊಳಕ್ಕೆ ಬಂದಿತು. ಒಂದು ವರ್ಷ ಮೊದಲು, 1871ರ ಗ್ರಂಥದಲ್ಲಿ, ತನ್ನನ್ನು ಜೀವಂತವಾಗಿ ಸೀಳುತ್ತಿದ್ದವನ ಕೈಯನ್ನೇ ನೆಕ್ಕಿದ ನಾಯಿಯ ವಿಷಯವನ್ನೂ ಡಾರ್ವಿನ್ ಪ್ರಸ್ತಾಪಿಸಿದ್ದ. ಮುಂದಿನ ನೂರು ವರ್ಷಗಳ ಈ ಚರಿತ್ರೆಯ ಒಳತೋಟಿ ಆ ಎರಡು ಚಿತ್ರಗಳಲ್ಲಿ ಮೊದಲೇ ಸೂಚಿತವಾಗಿದೆ.

ಡಾರ್ವಿನ್ ತೆರೆದ ಬಾಗಿಲು ಬೇಗನೆ ಅರ್ಧ ಮುಚ್ಚಿತು. ಅವನ ಬೆನ್ನಿಗೇ ಪ್ರಾಣಿಗಳ ಜಾಣ್ಮೆಯನ್ನೂ ಭಾವಗಳನ್ನೂ ಕುರಿತು ನಂಬಬಹುದಾದ, ನಂಬಲಾಗದ ಕಥೆಗಳ ಪ್ರವಾಹವೇ ಹರಿಯಿತು. ಇದಕ್ಕೆ ತಡೆಯೊಡ್ಡಲು ಲಾಯ್ಡ್ ಮಾರ್ಗನ್ 1894ರಲ್ಲಿ ಒಂದು ನಿಯಮವನ್ನು ಮುಂದಿಟ್ಟ. ಪ್ರಾಣಿಯ ವರ್ತನೆಯನ್ನು ಸರಳವಾದ ಮನೋವ್ಯಾಪಾರದಿಂದ ವಿವರಿಸಲು ಸಾಧ್ಯವಿರುವಾಗ ಅದಕ್ಕಿಂತ ಉನ್ನತವಾದುದನ್ನು ಆರೋಪಿಸಬಾರದೆಂಬುದು ಅದರ ತಿರುಳು. ನಿಯಮ ವಿವೇಕಯುತವೇ. ಆದರೆ 1913ರಲ್ಲಿ ಜಾನ್ ವಾಟ್ಸನ್ ವರ್ತನವಾದವನ್ನು ಘೋಷಿಸಿದ ಮೇಲೆ ಎಚ್ಚರಿಕೆ ನಿಷೇಧವಾಗಿ ಮಾರ್ಪಟ್ಟಿತು. ದುಃಖ, ಭಯ, ನಿರಾಶೆ ಎಂಬ ಮಾತುಗಳು ಪ್ರಾಣಿಗಳನ್ನು ಕುರಿತ ವೈಜ್ಞಾನಿಕ ಬರಹದಿಂದ ಹೆಚ್ಚು ಕಡಿಮೆ ಗಡೀಪಾರಾದವು.

ವಿಚಿತ್ರವೆಂದರೆ, ಮನಸ್ಸೆಂಬ ಮಾತನ್ನು ದೂರವಿಟ್ಟ ಪ್ರಯೋಗಶಾಲೆಯೊಂದರಲ್ಲೇ ನಾಯಿಯ ಮನೋವ್ಯಾಧಿ ಮೊದಲು ಸ್ಪಷ್ಟವಾಗಿ ಕಣ್ಣಿಗೆ ಬಿತ್ತು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದಿದ್ದ ಇವಾನ್ ಪಾವ್ಲೋವ್ ಪೀಟರ್ಸ್‌ಬರ್ಗಿನಲ್ಲಿ ನಾಯಿಗಳ ಜೊಲ್ಲಿನ ಹನಿಗಳನ್ನು ಎಣಿಸುತ್ತ ಅಭ್ಯಾಸಜನ್ಯ ಪ್ರತಿವರ್ತನಗಳ ಶಾಸ್ತ್ರವನ್ನು ಕಟ್ಟುತ್ತಿದ್ದ. ಅವನ ಶಿಷ್ಯೆ ಶೆಂಗರ್-ಕ್ರೆಸ್ತೋವ್ನಿಕೋವಾ ನಡೆಸಿದ ಒಂದು ಪ್ರಯೋಗದಲ್ಲಿ ನಾಯಿಯ ಮುಂದೆ ಬೆಳಕಿನ ವೃತ್ತ ಮೂಡಿದರೆ ಆಹಾರ ಬರುತ್ತಿತ್ತು. ದೀರ್ಘವೃತ್ತ ಮೂಡಿದರೆ ಬರುತ್ತಿರಲಿಲ್ಲ. ಎರಡನ್ನೂ ನಾಯಿ ಚೆನ್ನಾಗಿ ಬೇರ್ಪಡಿಸಲು ಕಲಿಯಿತು. ಆಮೇಲೆ ದೀರ್ಘವೃತ್ತವನ್ನು ಹಂತಹಂತವಾಗಿ ಉರುಟಾಗಿಸುತ್ತ ಹೋದರು. ಅದರ ಅಕ್ಷಗಳ ಪ್ರಮಾಣ ಒಂಬತ್ತಕ್ಕೆ ಎಂಟು ಆದಾಗ ವೃತ್ತವಾವುದು, ಅಲ್ಲದ್ದಾವುದು ಎಂಬುದು ನಾಯಿಗೆ ತಿಳಿಯದಾಯಿತು. ಮೂರು ವಾರ ಹೀಗೆ ನಡೆದ ಮೇಲೆ, ಅದುವರೆಗೆ ಶಾಂತವಾಗಿದ್ದ ಪ್ರಾಣಿ ಕಟ್ಟಿನಲ್ಲಿ ಹೊರಳಾಡತೊಡಗಿತು, ಕೀರಲು ದನಿಯಲ್ಲಿ ಕೂಗಿತು, ಉಪಕರಣಗಳನ್ನು ಹಲ್ಲಿನಿಂದ ಕಿತ್ತುಹಾಕಿತು. ಪ್ರಯೋಗದ ಕೋಣೆಗೆ ಕರೆದೊಯ್ದರೇ ಬೊಗಳುತ್ತಿತ್ತು. ಮೊದಲು ಸುಲಭವಾಗಿ ಬೇರ್ಪಡಿಸುತ್ತಿದ್ದ ಆಕಾರಗಳೂ ಈಗ ಅದಕ್ಕೆ ಬೆರೆತುಹೋಗಿದ್ದವು. 1921ರಲ್ಲಿ ವರದಿಯಾದ ಈ ಸ್ಥಿತಿಯನ್ನು ಪಾವ್ಲೋವ್ ಪ್ರಾಯೋಗಿಕ ನ್ಯೂರೋಸಿಸ್ ಎಂದು ಕರೆದ. ನಾಯಿಗೆ ನೋವು ಕೊಟ್ಟಿರಲಿಲ್ಲ, ಉಪವಾಸ ಕೆಡವಿರಲಿಲ್ಲ; ಮುಂದೇನಾಗುವುದೆಂದು ತಿಳಿಯುವ ದಾರಿಯನ್ನು ಮಾತ್ರ ಮುಚ್ಚಲಾಗಿತ್ತು.

ಎರಡನೆಯ ಪಾಠವನ್ನು ಪ್ರಕೃತಿಯೇ ಕಲಿಸಿತು. 1924ರ ಸೆಪ್ಟೆಂಬರ್ 23ರಂದು ಲೆನಿನ್‌ಗ್ರಾಡಿನಲ್ಲಿ ಪ್ರವಾಹ ಬಂದು ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ಗಾಳಿಮಳೆಯ ನಡುವೆ ಅವುಗಳನ್ನು ಈಜಿಸಿಕೊಂಡು ಪ್ರಯೋಗಶಾಲೆಯ ಕಟ್ಟಡಕ್ಕೆ ಸೇರಿಸಬೇಕಾಯಿತು. ಕೆಲವು ದಿನಗಳ ಮೇಲೆ ನೋಡಿದರೆ, ಹಲವು ನಾಯಿಗಳು ಏನೂ ಆಗದಂತಿದ್ದವು. ಇನ್ನು ಕೆಲವು ಕಲಿತುದೆಲ್ಲವನ್ನೂ ಕಳೆದುಕೊಂಡಿದ್ದವು. ಇವುಗಳಲ್ಲಿ ಒಂದು ನಾಯಿ ಪ್ರಯೋಗದ ಕೋಣೆಯಲ್ಲಿ ಮುಂದಿಟ್ಟ ಆಹಾರವನ್ನೂ ಮುಟ್ಟದಾಯಿತು. ಅದರ ಚಿಕಿತ್ಸೆ ಗಮನಾರ್ಹವಾದುದು. ಪಾವ್ಲೋವನ ಸಹೋದ್ಯೋಗಿ ಸ್ಪೆರಾನ್‌ಸ್ಕಿ ಕೋಣೆಯ ಹೊರಗೆ ಕೂರುವ ವಾಡಿಕೆಯನ್ನು ಬಿಟ್ಟು ನಾಯಿಯ ಜೊತೆಯಲ್ಲೇ ಕುಳಿತ. ಅವನು ಇದ್ದಾಗ ನಾಯಿ ಉಂಡಿತು, ಕಲಿಕೆ ಮರಳಿತು. ಅವನು ಎದ್ದುಹೋದರೆ ಮತ್ತೆ ಮೊದಲಿನಂತೆ. ಕೊನೆಗೆ ಅವನ ಬಟ್ಟೆಗಳನ್ನು ನಾಯಿಗೆ ಕಾಣದಂತೆ ಕೋಣೆಯಲ್ಲಿ ಇಟ್ಟಾಗ ಆ ವಾಸನೆಯಿಂದಲೇ ಅದು ಚೇತರಿಸಿಕೊಂಡುದು ಕಂಡುಬಂದಿತು. ಆದರೆ ಸುಮಾರು ಎರಡು ತಿಂಗಳ ಮೇಲೆ, ಪರೀಕ್ಷೆಗೆಂದು ಬಾಗಿಲ ಕೆಳಗಿನಿಂದ ತುಸು ನೀರನ್ನು ಸದ್ದಿಲ್ಲದೆ ಒಳಕ್ಕೆ ಹರಿಸಿದಾಗ ಎಲ್ಲವೂ ಮತ್ತೆ ಕುಸಿಯಿತು.

ಒಂದೇ ಪ್ರವಾಹ ಎಲ್ಲ ನಾಯಿಗಳನ್ನೂ ಒಂದೇ ಬಗೆಯಾಗಿ ತಟ್ಟಲಿಲ್ಲವೆಂಬುದು ಪಾವ್ಲೋವನನ್ನು ಹಿಪ್ಪೊಕ್ರೆಟೀಸನ ನಾಲ್ಕು ಪ್ರಕೃತಿಗಳ ಕಡೆಗೆ ತಿರುಗಿಸಿತು. ಬೇಗನೆ ಅಂಜಿ ಹಿಂಜರಿಯುವ ದುರ್ಬಲ ನರಮಂಡಲದ ನಾಯಿಗಳನ್ನು ಅವನು ವಿಷಣ್ಣ ಪ್ರಕೃತಿಯವೆಂದು ವರ್ಗೀಕರಿಸಿದ. ಕೆಟ್ಟ ನಾಯಿಗಳಿಗೆ ದೀರ್ಘ ವಿಶ್ರಾಂತಿ ಕೊಡುವುದು, ಬ್ರೋಮೈಡನ್ನು ಪ್ರಮಾಣವರಿತು ಕೊಡುವುದು, ಅತ್ಯಂತ ಸುಲಭವಾದ ಕಲಿಕೆಯಿಂದ ಮತ್ತೆ ಆರಂಭಿಸುವುದು ಅವನ ಕ್ರಮವಾಯಿತು. ಔಷಧ, ವಿಶ್ರಾಂತಿ, ಸುಲಭದ ಗೆಲುವು, ಜೊತೆಯಲ್ಲೊಬ್ಬ ಪರಿಚಿತ ಎಂಬ ಇಂದಿನ ಚಿಕಿತ್ಸೆಯ ನಾಲ್ಕು ಕಾಲುಗಳೂ 1920ರ ದಶಕದ ಲೆನಿನ್‌ಗ್ರಾಡಿನಲ್ಲೇ ಕಾಣಸಿಗುತ್ತವೆ. ಅವುಗಳ ಬೆಲೆ ತೆತ್ತವು ಯಾರೆಂಬುದು ಪಾವ್ಲೋವನಿಗೆ ತಿಳಿಯದೆ ಇರಲಿಲ್ಲ. 1935ರಲ್ಲಿ, ಅವನು ತೀರಿಕೊಳ್ಳುವ ಹಿಂದಿನ ವರ್ಷ, ಅವನದೇ ಇಚ್ಛೆಯಂತೆ ಸಂಸ್ಥೆಯ ಉದ್ಯಾನದಲ್ಲಿ ನಾಯಿಯ ಸ್ಮಾರಕವೊಂದು ನಿಂತಿತು. ಆತಕೂರಿನ ಕಲ್ಲು ಬೇಟೆಯಲ್ಲಿ ಸತ್ತ ಒಂದು ನಾಯಿಯದಾದರೆ, ಇದು ಮನುಷ್ಯನ ಜ್ಞಾನಕ್ಕಾಗಿ ಸತ್ತ ಹಲವು ನಾಯಿಗಳದು.

ಅದೇ ವರ್ಷದ ಮಾರ್ಚ್ 8ರಂದು ಟೋಕಿಯೊದ ಷಿಬುಯಾದಲ್ಲಿ ಹಚಿಕೊ ಎಂಬ ಅಕಿತಾ ತಳಿಯ ನಾಯಿ ಸತ್ತಿತು. ಅದರ ಒಡೆಯ, ಕೃಷಿವಿಜ್ಞಾನದ ಪ್ರಾಧ್ಯಾಪಕ ಹಿದೆಸಬುರೊ ಉಯೆನೊ, 1925ರ ಮೇ ತಿಂಗಳಲ್ಲಿ ಹಠಾತ್ತನೆ ತೀರಿಕೊಂಡಿದ್ದರು. ಅಲ್ಲಿಂದ ಮುಂದೆ ಸುಮಾರು ಹತ್ತು ವರ್ಷ ಆ ನಾಯಿ ಅವರು ರೈಲಿನಿಂದ ಇಳಿದು ಬರುತ್ತಿದ್ದ ನಿಲ್ದಾಣಕ್ಕೆ ಹೋಗಿ ಕಾಯುತ್ತಿತ್ತು. 1934ರಲ್ಲಿ, ಅದು ಬದುಕಿದ್ದಾಗಲೇ ಅದರ ಪ್ರತಿಮೆ ನಿಂತಿತು. ಪ್ರಯೋಗಶಾಲೆಯಲ್ಲಿ ನಿಷಿದ್ಧವಾಗಿದ್ದ ದುಃಖವೆಂಬ ಮಾತನ್ನು ರೈಲು ನಿಲ್ದಾಣದ ಜನ ಯಾವ ಅಳುಕೂ ಇಲ್ಲದೆ ಬಳಸಿದರು. ಆದರೆ ಈ ಕಥೆಗೆ ಇನ್ನೊಂದು ಪುಟವಿದೆ. ಕಾಪಿಟ್ಟಿದ್ದ ಅದರ ಅಂಗಾಂಗಗಳನ್ನು ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದಾಗ, ಅದಕ್ಕೆ ಹೃದಯದ ಹುಳುಗಳ ಸೋಂಕಿನ ಜೊತೆಗೆ ಹೃದಯ ಮತ್ತು ಶ್ವಾಸಕೋಶಗಳಲ್ಲಿ ಕ್ಯಾನ್ಸರ್ ಇದ್ದುದು ತಿಳಿಯಿತು.

ಇದರಿಂದ ಹಚಿಕೊ ಕಾದುದು ಸುಳ್ಳಾಗುವುದಿಲ್ಲ. ಆದರೆ ಮಂಕಾಗಿ ಮಲಗಿದ ನಾಯಿಯನ್ನು ಕಂಡೊಡನೆ ವಿರಹವೆಂದು ತೀರ್ಮಾನಿಸುವವರಿಗೆ ಇದೊಂದು ಎಚ್ಚರಿಕೆ. ನಾಯಿ ಉಣ್ಣದಿರುವುದಕ್ಕೆ ಹಲ್ಲುನೋವು ಕಾರಣವಿರಬಹುದು, ಏಳದಿರುವುದಕ್ಕೆ ಕೀಲುನೋವು. ಥೈರಾಯ್ಡ್ ಗ್ರಂಥಿಯ ಕೊರತೆ, ಉಣ್ಣೆಗಳಿಂದ ಹರಡುವ ಜ್ವರ, ಹೃದಯದ ಹುಳುಗಳು, ಮುಪ್ಪಿನಲ್ಲಿ ಮಿದುಳಿಗೆ ಬರುವ ಮರೆವು, ಇವೆಲ್ಲವೂ ಹೊರನೋಟಕ್ಕೆ ಖಿನ್ನತೆಯಂತೆಯೇ ಕಾಣುತ್ತವೆ. ಆದ್ದರಿಂದ ಪಶುವೈದ್ಯರು ಮೊದಲು ದೇಹವನ್ನು ಪರೀಕ್ಷಿಸಿ, ರಕ್ತವನ್ನು ನೋಡಿ, ಆಮೇಲೆ ಮನಸ್ಸಿನ ವಿಚಾರಕ್ಕೆ ಬರುತ್ತಾರೆ. ಮಾರ್ಗನ್ನನ ನಿಯಮದಲ್ಲಿ ಉಳಿಸಿಕೊಳ್ಳಬೇಕಾದ ವಿವೇಕ ಇಲ್ಲಿದೆ.

ಈ ಚರಿತ್ರೆಯ ಅತ್ಯಂತ ಮುಖ್ಯವಾದ, ಅತ್ಯಂತ ಕಠೋರವಾದ ಅಧ್ಯಾಯ 1960ರ ದಶಕದ ಅಮೆರಿಕದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸಾಲೊಮನ್ನರ ಪ್ರಯೋಗಶಾಲೆಯಲ್ಲಿ ನಾಯಿಗಳಿಗೆ ವಿದ್ಯುದಾಘಾತ ಕೊಟ್ಟು ಭಯದ ಕಲಿಕೆಯನ್ನು ಅಧ್ಯಯನ ಮಾಡುತ್ತಿದ್ದರು. ಅಲ್ಲೊಂದು ಅನಿರೀಕ್ಷಿತ ಸಂಗತಿ ಕಂಡಿತು. ಮೊದಲು ಕಟ್ಟಿಹಾಕಿ ಆಘಾತ ಕೊಟ್ಟಿದ್ದ ನಾಯಿಗಳನ್ನು, ತಡೆಯೊಂದನ್ನು ಹಾರಿ ತಪ್ಪಿಸಿಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಬಿಟ್ಟರೂ ಅವು ಹಾರುತ್ತಿರಲಿಲ್ಲ. ಪ್ರಯೋಗ ಕೆಟ್ಟಿತೆಂದು ಕೈಬಿಡಬಹುದಾಗಿದ್ದ ಈ ಸಂಗತಿಯನ್ನೇ ಮಾರ್ಟಿನ್ ಸೆಲಿಗ್‌ಮನ್, ಬ್ರೂಸ್ ಓವರ್‌ಮಿಯರ್, ಸ್ಟೀವನ್ ಮೇಯರ್ ಎಂಬ ತರುಣರು ಹಿಡಿದು ಹೊರಟರು.

1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ಪ್ರಕಟಿಸಿದ ಪ್ರಯೋಗದಲ್ಲಿ ನಾಯಿಗಳ ಮೂರು ಗುಂಪುಗಳಿದ್ದವು. ಮೊದಲ ಗುಂಪಿನ ನಾಯಿಗಳನ್ನು ಜೋಲಿಯಂಥ ಬಟ್ಟೆಯಲ್ಲಿ ಕಟ್ಟಿ ಆಘಾತ ಕೊಟ್ಟರೂ, ತಲೆಯಿಂದ ಒಂದು ಫಲಕವನ್ನು ಒತ್ತಿ ಅದನ್ನು ನಿಲ್ಲಿಸುವ ಅವಕಾಶವಿತ್ತು. ಎರಡನೆಯ ಗುಂಪಿಗೆ ಅಷ್ಟೇ ಆಘಾತ, ಅಷ್ಟೇ ಹೊತ್ತು. ಆದರೆ ಅವು ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಮೂರನೆಯ ಗುಂಪಿಗೆ ಆಘಾತವೇ ಇಲ್ಲ. ಮರುದಿನ ಎಲ್ಲವನ್ನೂ ತಡೆಯಿರುವ ಪೆಟ್ಟಿಗೆಯಲ್ಲಿ ಬಿಟ್ಟು ನೆಲದಿಂದ ಆಘಾತ ಕೊಟ್ಟರು. ಮೊದಲ ಮತ್ತು ಮೂರನೆಯ ಗುಂಪಿನವು ಬೇಗನೆ ತಡೆಯನ್ನು ಹಾರಿ ಪಾರಾಗಲು ಕಲಿತವು. ಎರಡನೆಯ ಗುಂಪಿನ ಎಂಟರಲ್ಲಿ ಆರು ನಾಯಿಗಳು ಕಲಿಯಲಿಲ್ಲ. ಮೊದಲು ತುಸು ಓಡಾಡಿದವು. ಆಮೇಲೆ ಮಲಗಿ ಸಣ್ಣಗೆ ಕುಯ್‌ಗುಟ್ಟುತ್ತ ಆಘಾತವನ್ನು ಸಹಿಸಿದವು. ಭುಜದೆತ್ತರದ ತಡೆಯಾಚೆ ನೋವಿಲ್ಲದ ನೆಲವಿತ್ತು.

ಎರಡು ಗುಂಪುಗಳ ನೋವು ಸಮಾನವಾಗಿದ್ದುದರಿಂದ ಕುಸಿತಕ್ಕೆ ನೋವೊಂದೇ ಕಾರಣವಲ್ಲವೆಂದಾಯಿತು. ತನ್ನ ಯತ್ನಕ್ಕೂ ಫಲಕ್ಕೂ ಸಂಬಂಧವಿಲ್ಲವೆಂಬುದನ್ನು ನಾಯಿ ಕಲಿತಿದೆಯೆಂದು ಸಂಶೋಧಕರು ವಿವರಿಸಿದರು. ಇದೇ ಮುಂದೆ ಕಲಿತ ಅಸಹಾಯಕತೆ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1975ರ ತಮ್ಮ ಗ್ರಂಥದಲ್ಲಿ ಸೆಲಿಗ್‌ಮನ್ ಅದನ್ನು ಮನುಷ್ಯರ ಖಿನ್ನತೆಗೆ ಹೋಲಿಸಿದರು. ಹಸಿವು ಕುಗ್ಗುವುದು, ಯತ್ನ ನಿಲ್ಲುವುದು, ಗೆಲುವು ಕಣ್ಣ ಮುಂದಿದ್ದರೂ ಕಾಣದಿರುವುದು, ಇವು ಎರಡು ಕಡೆಯೂ ಸಮಾನವಾಗಿದ್ದವು. ಗಡೀಪಾರಾಗಿದ್ದ ಮಾತು ಹೀಗೆ ಹಿಂಬಾಗಿಲಿನಿಂದ ಮರಳಿತು. ಆದರೆ ನಾಯಿ ಇಲ್ಲಿ ಮಾದರಿ ಮಾತ್ರ. ಯಾರ ಕಾಯಿಲೆಯನ್ನು ಅರಿಯಲು ಇದೆಲ್ಲ ನಡೆಯಿತೋ ಆ ರೋಗಿ ಮನುಷ್ಯನೇ ಆಗಿದ್ದ.

1968ರಲ್ಲಿ ಸೆಲಿಗ್‌ಮನ್, ಮೇಯರ್ ಮತ್ತು ಜೇಮ್ಸ್ ಗೀರ್ ಪ್ರಕಟಿಸಿದ ಇನ್ನೊಂದು ಲೇಖನ ಚಿಕಿತ್ಸೆಯ ದೃಷ್ಟಿಯಿಂದ ಹೆಚ್ಚಿನದು. ಅಸಹಾಯಕವಾಗಿ ಮಲಗಿದ ನಾಯಿಗಳನ್ನು ಎಬ್ಬಿಸುವುದು ಹೇಗೆ? ಆಚೆಯಿಂದ ಕರೆದರು, ಬರಲಿಲ್ಲ. ನಡುವಿನ ತಡೆಯನ್ನೇ ತೆಗೆದರು, ಕದಲಲಿಲ್ಲ. ಆಚೆ ಬದಿಯಲ್ಲಿ ತಿನಿಸನ್ನಿಟ್ಟರೂ ಪ್ರಯೋಜನವಾಗಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಕಟ್ಟಿ, ಸುರಕ್ಷಿತ ಬದಿಗೆ ಎಳೆದುಕೊಂಡೇ ಹೋದರು. ಒಂದೆರಡು ಸಲ ಸಾಲಲಿಲ್ಲ. ಮತ್ತೆ ಮತ್ತೆ ಎಳೆಯಬೇಕಾಯಿತು. ಮೊದಮೊದಲು ಬಲವಾಗಿ ಎಳೆಯಬೇಕಿತ್ತು; ಬರಬರುತ್ತ ಹಗ್ಗ ಸಡಿಲವಾಯಿತು; ಆಮೇಲೆ ತುಸು ಸೆಳೆದರೆ ಸಾಕಾಯಿತು; ಕೊನೆಗೆ ನಾಯಿ ತಾನೇ ದಾಟಿತು. ಹೀಗೆ ಚೇತರಿಸಿಕೊಂಡ ನಾಯಿಗಳು ಮತ್ತೆ ಮೊದಲಿನ ಸ್ಥಿತಿಗೆ ಜಾರಲಿಲ್ಲ. ಇದರ ಜೊತೆಗೇ ಇನ್ನೊಂದು ಸಂಗತಿಯೂ ತಿಳಿಯಿತು. ಆಘಾತವನ್ನು ತನ್ನ ಯತ್ನದಿಂದ ನಿಲ್ಲಿಸಿದ ಅನುಭವ ಮೊದಲೇ ಇದ್ದ ನಾಯಿ, ಆಮೇಲೆ ತಪ್ಪಿಸಿಕೊಳ್ಳಲಾಗದ ಆಘಾತವನ್ನು ಉಂಡರೂ ಕುಸಿಯುತ್ತಿರಲಿಲ್ಲ.

ಈ ಪ್ರಯೋಗಗಳು ನಡೆದ ವರ್ಷಗಳಲ್ಲೇ ಅಮೆರಿಕದಲ್ಲಿ ಸಾಕುನಾಯಿಗಳನ್ನು ಕದ್ದು ಪ್ರಯೋಗಶಾಲೆಗಳಿಗೆ ಮಾರುವುದರ ವಿರುದ್ಧ ಜನ ಸಿಡಿದೆದ್ದು, 1966ರಲ್ಲಿ ಪ್ರಯೋಗಶಾಲೆಯ ಪ್ರಾಣಿಗಳ ಕ್ಷೇಮದ ಕಾಯಿದೆ ಬಂದಿತು. ಅದು ನಾಯಿಗಳ ಮಾರಾಟ, ಸಾಗಣೆ, ವಸತಿಗಳನ್ನು ನಿಯಂತ್ರಿಸಿತು. ಪ್ರಯೋಗದೊಳಗಿನ ನೋವನ್ನು ಮುಟ್ಟಲಿಲ್ಲ. ನೋವನ್ನು ತಗ್ಗಿಸಬೇಕೆಂಬ, ನಾಯಿಗಳಿಗೆ ಓಡಾಟಕ್ಕೆ ಅವಕಾಶವಿರಬೇಕೆಂಬ ವಿಧಿಗಳು 1985ರ ತಿದ್ದುಪಡಿಯಿಂದ ಬಂದವು. ಜ್ಞಾನ ಮೊದಲು, ಅದನ್ನು ತೆತ್ತವರ ಬಗೆಗಿನ ಹೊಣೆ ಬಹಳ ತಡವಾಗಿ: ಇದು ಈ ಚರಿತ್ರೆಯುದ್ದಕ್ಕೂ ಕಾಣುವ ಕ್ರಮ.

ಪ್ರಯೋಗಶಾಲೆಯಲ್ಲಿ ತಿಳಿದದ್ದು ನಾಯಿಗೇ ಮರಳಿ ಸಲ್ಲಲು ಇನ್ನೂ ಕಾಲು ಶತಮಾನ ಹಿಡಿಯಿತು. ಫ್ರಾನ್ಸಿನ ಪಶುವೈದ್ಯ ಪಾತ್ರಿಕ್ ಪಾಜಾ 1995ರಲ್ಲಿ ನಾಯಿಯ ವರ್ತನೆಯ ವ್ಯಾಧಿಗಳನ್ನು ಕುರಿತು ಬರೆದ ಗ್ರಂಥದಲ್ಲಿ ಖಿನ್ನತೆ ಎಂಬ ಪದವನ್ನು ರೋಗದ ಹೆಸರಾಗಿಯೇ ಬಳಸಿದರು. ಯುರೋಪಿನಲ್ಲಿ ಸೆಲೆಜಿಲಿನ್ ಎಂಬ ಔಷಧ ನಾಯಿಗಳ ಭಾವಮೂಲದ ತೊಂದರೆಗಳಿಗೆ ಬಳಕೆಗೆ ಬಂದಿತು. ಅಮೆರಿಕದವರು ಹೆಚ್ಚು ಬಿಗುವಿನ ಮಾತನ್ನು ಆರಿಸಿಕೊಂಡರು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 1998ರಲ್ಲಿ ಕ್ಲೊಮಿಪ್ರಮೀನನ್ನೂ 2007ರಲ್ಲಿ ಫ್ಲುಒಕ್ಸೆಟಿನ್ನನ್ನೂ ನಾಯಿಗಳಿಗಾಗಿ ಅನುಮೋದಿಸಿದ್ದು ಅಗಲಿಕೆಯ ಆತಂಕಕ್ಕೆ; ಖಿನ್ನತೆಯೆಂಬ ಹೆಸರಿನಲ್ಲಲ್ಲ. ಎರಡೂ ಮನುಷ್ಯರ ಖಿನ್ನತೆಗೆ ಬಳಸುತ್ತಿದ್ದ ಔಷಧಗಳೇ. ನಾಯಿ ಮನುಷ್ಯನಿಗೆ ಮಾದರಿಯಾಗಿದ್ದ ಸಂಬಂಧ ಇಲ್ಲಿ ತಿರುಗುಮುರುಗಾಯಿತು. ಎರಡೂ ಔಷಧಗಳ ಅನುಮತಿಯಲ್ಲಿ ಒಂದು ಷರತ್ತು ಸಮಾನವಾಗಿತ್ತು: ವರ್ತನೆಯನ್ನು ತಿದ್ದುವ ತರಬೇತಿಯ ಜೊತೆಗೇ ಇವನ್ನು ಕೊಡಬೇಕು. ಇವುಗಳ ಪೂರ್ಣ ಪರಿಣಾಮಕ್ಕೆ ವಾರಗಳೇ ಬೇಕು. ಪ್ರಮಾಣವನ್ನು ಪಶುವೈದ್ಯರೇ ಗೊತ್ತುಮಾಡಬೇಕು. ಮನೆಯ ಕಪಾಟಿನಲ್ಲಿರುವ ಮನುಷ್ಯರ ಮಾತ್ರೆಯನ್ನು ನಾಯಿಗೆ ತಿನ್ನಿಸುವುದು ಅಪಾಯಕರ.

ನಾಯಿಯ ಮನಃಸ್ಥಿತಿಯನ್ನು ನೋವುಕೊಡದೆ ಕೇಳಿ ತಿಳಿಯಬಹುದೇ ಎಂಬ ಪ್ರಶ್ನೆಗೆ ಒಂದು ಚೆಲುವಾದ ಉತ್ತರ ದೊರೆತದ್ದು 2010ರಲ್ಲಿ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಮೈಕಲ್ ಮೆಂಡಲ್ ಮತ್ತು ಸಂಗಡಿಗರು ಬ್ರಿಟನ್ನಿನ ಎರಡು ಆಶ್ರಯಧಾಮಗಳ 24 ನಾಯಿಗಳಿಗೆ, ಕೋಣೆಯ ಒಂದು ಬದಿಯಲ್ಲಿ ಬಟ್ಟಲಿದ್ದರೆ ಅದರಲ್ಲಿ ತಿನಿಸಿರುತ್ತದೆ, ಇನ್ನೊಂದು ಬದಿಯಲ್ಲಿದ್ದರೆ ಇರುವುದಿಲ್ಲ ಎಂಬುದನ್ನು ಕಲಿಸಿದರು. ಆಮೇಲೆ ಬಟ್ಟಲನ್ನು ಎರಡರ ನಡುವೆ ಇಟ್ಟರು. ಕೆಲವು ನಾಯಿಗಳು ತಿನಿಸಿದ್ದೀತೆಂದು ಓಡಿದವು. ಒಂಟಿಯಾಗಿ ಬಿಟ್ಟಾಗ ಹೆಚ್ಚು ಕಳವಳಪಡುತ್ತಿದ್ದ ನಾಯಿಗಳು, ಇರಲಾರದೆಂಬಂತೆ ನಿಧಾನವಾಗಿ ಹೋದವು. ಪಾವ್ಲೋವನ ಶಿಷ್ಯೆಯೂ ಎರಡು ಖಚಿತ ಗುರುತುಗಳ ನಡುವಿನ ಸಂದಿಗ್ಧವನ್ನೇ ನಾಯಿಯ ಮುಂದಿಟ್ಟಿದ್ದಳು. ಅಲ್ಲಿ ನಾಯಿ ಕೆಡುವವರೆಗೆ ಪ್ರಶ್ನೆಯನ್ನು ಬಿಗಿಗೊಳಿಸಲಾಯಿತು. ಇಲ್ಲಿ ಪ್ರಶ್ನೆ ಕೇಳಿ, ಉತ್ತರ ಪಡೆದು, ನಾಯಿಯನ್ನು ಬಿಡಲಾಯಿತು. ಎರಡರ ನಡುವೆ ಸುಮಾರು ತೊಂಬತ್ತು ವರ್ಷಗಳಿವೆ.

ಕಾಳಿಯ ಪ್ರಶ್ನೆಗೆ ಹತ್ತಿರದ ಒಂದು ಅಧ್ಯಯನ ಇಟಲಿಯಿಂದ 2022ರಲ್ಲಿ ಬಂದಿತು. ಮನೆಯಲ್ಲಿ ಎರಡು ಅಥವಾ ಹೆಚ್ಚು ನಾಯಿಗಳಿದ್ದು ಅವುಗಳಲ್ಲೊಂದನ್ನು ಕಳೆದುಕೊಂಡ 426 ಮಂದಿಯನ್ನು ವಿಚಾರಿಸಿದಾಗ, ಉಳಿದ ನಾಯಿಯ ವರ್ತನೆ ಬದಲಾಯಿತೆಂದು 86 ಶೇಕಡಾ ಜನ ಹೇಳಿದರು. ಆಟ ಕಡಿಮೆಯಾದುದು, ಚಟುವಟಿಕೆ ತಗ್ಗಿದುದು, ಹೆಚ್ಚು ಮಲಗುವುದು, ಕಡಿಮೆ ಉಣ್ಣುವುದು, ಮನೆಯವರ ಹತ್ತಿರವೇ ಇರಬಯಸುವುದು ಅವರು ಕಂಡ ಬದಲಾವಣೆಗಳಲ್ಲಿ ಮುಖ್ಯವಾದವು. ಸಾಕಿದವರೇ ದುಃಖದಲ್ಲಿರುವಾಗ ಅವರ ಕಣ್ಣಿಗೆ ನಾಯಿಯೂ ದುಃಖಿಯಾಗಿ ಕಂಡೀತೆಂಬ ಸಂದೇಹ ಇಂಥ ಸಮೀಕ್ಷೆಗಳಿಗೆ ತಪ್ಪಿದ್ದಲ್ಲ. ಆದರೂ ಅವರು ಹೇಳಿದ ಕುರುಹುಗಳು ಡಾರ್ವಿನ್ನನಿಂದ ಸೆಲಿಗ್‌ಮನ್ನರವರೆಗೆ ಬೇರೆ ಬೇರೆ ಕಣ್ಣುಗಳು ಕಂಡ ಕುರುಹುಗಳೊಡನೆ ಕೂಡಿಬರುತ್ತವೆ.

ಈ ಕುರುಹುಗಳಲ್ಲಿ ಹೆಚ್ಚಿನವು ಇಲ್ಲದಿರುವಿಕೆಯ ರೂಪದಲ್ಲಿವೆ ಎಂಬುದನ್ನು ಗಮನಿಸಬೇಕು. ಬೊಗಳಿ ಬಾಗಿಲು ಕೆರೆಯುವ ನಾಯಿಯನ್ನು ವೈದ್ಯರ ಬಳಿಗೆ ಒಯ್ಯುತ್ತಾರೆ, ಏಕೆಂದರೆ ಅದು ನೆರೆಯವರ ನಿದ್ದೆ ಕೆಡಿಸುತ್ತದೆ. ಮೂಲೆ ಹಿಡಿದ ನಾಯಿ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ನಡೆದಾಡಲು ಕರೆದೊಯ್ಯುವ ಹಗ್ಗದ ಸದ್ದಿಗೆ ಕಿವಿ ನಿಮಿರಿಸದ, ಬಂದವರನ್ನು ಮೂಸದ, ಮೈದಡವಿದರೂ ಬಾಲವಾಡಿಸದ ನಾಯಿಯನ್ನು ಬಹಳ ಸಾಧುವೆಂದು ಹೊಗಳುವುದುಂಟು. ಪೆನ್ಸಿಲ್ವೇನಿಯಾದ ಪೆಟ್ಟಿಗೆಯಲ್ಲಿ ಮಲಗಿದ್ದ ನಾಯಿಗಳೂ ಸಾಧುವಾಗಿಯೇ ಇದ್ದವು. ಇದ್ದ ಚಟುವಟಿಕೆಯಲ್ಲಿ ಯಾವುದು ಇಲ್ಲವಾಯಿತು, ಎಂದಿನಿಂದ, ಮನೆಯಲ್ಲಿ ಆಗ ಏನು ಬದಲಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬಲ್ಲವರು ನಾಯಿಯೊಡನೆ ಬದುಕುವವರು ಮಾತ್ರ. ವೈದ್ಯರ ಪರೀಕ್ಷೆಯೂ ಅವರ ಮಾತಿನಿಂದಲೇ ಆರಂಭವಾಗಬೇಕು.

ಸೆಲಿಗ್‌ಮನ್ ಮತ್ತು ಮೇಯರ್ ತಮ್ಮ ಸಿದ್ಧಾಂತವನ್ನು ಸುಮಾರು ಐವತ್ತು ವರ್ಷಗಳ ಮೇಲೆ ತಾವೇ ತಿದ್ದಿಕೊಂಡರು. ಮಿದುಳಿನ ಬಗೆಗೆ, ಮುಖ್ಯವಾಗಿ ಇಲಿಗಳಲ್ಲಿ, ಮೇಯರ್ ದೀರ್ಘಕಾಲ ನಡೆಸಿದ ಸಂಶೋಧನೆಯನ್ನು ಆಧರಿಸಿ 2016ರಲ್ಲಿ ಬರೆದ ಲೇಖನದಲ್ಲಿ, ತಮ್ಮ ಮೊದಲಿನ ವಿವರಣೆ ತಲೆಕೆಳಗಾಗಿತ್ತೆಂದು ಅವರು ಒಪ್ಪಿದರು. ಬಹುಕಾಲದ ನೋವಿನ ಮುಂದೆ ಸೋತು ಮಲಗುವುದನ್ನು ಪ್ರಾಣಿ ಕಲಿಯಬೇಕಾಗಿಲ್ಲ. ಮಿದುಳಿನ ಬುಡದ ಒಂದು ಭಾಗ ಅದನ್ನು ತಾನಾಗಿಯೇ ಮಾಡಿಸುತ್ತದೆ. ತನ್ನ ಯತ್ನದಿಂದ ಫಲವುಂಟೆಂಬುದನ್ನು ಮಾತ್ರ ಕಲಿಯಬೇಕು. ಅದನ್ನು ಕಲಿತಾಗ ಮಿದುಳಿನ ಮುಂಭಾಗವು ಬುಡದ ಆ ವ್ಯಾಪಾರವನ್ನು ತಡೆಯುತ್ತದೆ. ಅಸಹಾಯಕತೆ ಕಲಿತದ್ದಲ್ಲ, ಕಲಿಯಬೇಕಾದುದು ಭರವಸೆ.

ಈ ತಿದ್ದುಪಡಿಯ ಬೆಳಕಿನಲ್ಲಿ 1968ರ ಹಗ್ಗದ ಅರ್ಥ ಬೇರೆಯಾಗಿ ಕಾಣುತ್ತದೆ. ಅದು ನಾಯಿಯಿಂದ ಏನನ್ನೋ ಅಳಿಸಲಿಲ್ಲ, ಇಲ್ಲದಿದ್ದುದನ್ನು ಕಲಿಸಿತು. ಇಂದಿನ ಚಿಕಿತ್ಸೆ ಮಾಡುವುದೂ ಇದನ್ನೇ, ಆದರೆ ಎಳೆಯುವ ಹಗ್ಗವಿಲ್ಲದೆ. ಊಟ, ತಿರುಗಾಟ, ನಿದ್ದೆಗಳಿಗೆ ನಿಶ್ಚಿತ ವೇಳೆಗಳನ್ನು ಗೊತ್ತುಮಾಡಿದರೆ ಮುಂದೇನೆಂಬುದು ನಾಯಿಗೆ ತಿಳಿದಿರುತ್ತದೆ. ಗದರುವುದನ್ನೂ ಹೊಡೆಯುವುದನ್ನೂ ಪೂರ್ತಿಯಾಗಿ ನಿಲ್ಲಿಸಬೇಕು, ಏಕೆಂದರೆ ಕಾರಣ ತಿಳಿಯದ ಶಿಕ್ಷೆ ತಪ್ಪಿಸಿಕೊಳ್ಳಲಾಗದ ಆಘಾತವೇ. ಮೂಸಿ ಹುಡುಕಿದರೆ ಸಿಗುವಂತೆ ತಿನಿಸನ್ನು ಅಡಗಿಸಿಡುವುದು, ಖಂಡಿತ ಮಾಡಬಲ್ಲ ಚಿಕ್ಕ ಕೆಲಸವನ್ನು ಹೇಳಿ, ಮಾಡಿದಾಗ ಮೆಚ್ಚುವುದು, ಹೋಗುವ ದಾರಿಯನ್ನು ಕೆಲವೊಮ್ಮೆ ನಾಯಿಯೇ ಆರಿಸಲು ಬಿಡುವುದು, ಇವೆಲ್ಲ ಅದರ ಯತ್ನಕ್ಕೆ ಫಲವಿದೆಯೆಂದು ತೋರಿಸುವ ಉಪಾಯಗಳು. ಸ್ಪೆರಾನ್‌ಸ್ಕಿ ಮಾಡಿದಂತೆ ಮಾತಿಲ್ಲದೆ ಪಕ್ಕದಲ್ಲಿ ಕುಳಿತಿರುವುದೂ ಚಿಕಿತ್ಸೆಯ ಭಾಗವೇ. ಇವು ಸಾಲದಾದಾಗ ಔಷಧ ಬರುತ್ತದೆ. ಅದು ಈ ಕಲಿಕೆಯನ್ನು ಸುಲಭಗೊಳಿಸುತ್ತದೆಯೇ ಹೊರತು ಅದರ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಕಾಳಿಗೆ ಹೆಸರಿತ್ತು, ಆ ಹೆಸರು ಸಾವಿರ ವರ್ಷಗಳಿಂದ ಕಲ್ಲಿನ ಮೇಲಿದೆ. 1967ರ ಆ ಎಂಟು ನಾಯಿಗಳು ಲೇಖನದಲ್ಲಿ ಒಂದು ಗುಂಪಾಗಿ ಮಾತ್ರ ಉಳಿದಿವೆ. ಮನೆಯ ಮೂಲೆಯಲ್ಲಿ ಸುಮ್ಮನೆ ಮಲಗಿದ ನಾಯಿಯನ್ನು ಕಂಡು, ಇದು ಸಾಧುತನವಲ್ಲ, ಏನೋ ಆಗಿದೆ ಎಂದು ಯಾರಾದರೂ ಎದ್ದು ಹತ್ತಿರ ಹೋದರೆ, ಆ ಅರಿವಿನ ಒಂದು ಪಾಲು ಹೆಸರಿಲ್ಲದ ಆ ನಾಯಿಗಳಿಂದ ಬಂದದ್ದು.